ದೊಡ್ಡ ಗಣಕದ ವಿದ್ಯೆ ಸಣ್ಣ ಗಣಕಕ್ಕೆ

ಹುಮನಾಬಾದಿನ ಒಂದು ಶಾಲೆಯಲ್ಲಿ 30 ಸಣ್ಣ ಗಣಕಯಂತ್ರಗಳಿವೆಯೆಂದು ಭಾವಿಸೋಣ. ಪಾಠದ ಕಡತ 300 ಕಿಲೋಬೈಟಿನದು. ಹೊರಜಾಲದ ವೇಗ ಸೆಕೆಂಡಿಗೆ 1 ಮೆಗಾಬಿಟ್. ಒಂದು ಬೈಟಿಗೆ 8 ಬಿಟ್‌ಗಳಾದುದರಿಂದ ಒಂದು ಪ್ರತಿ ಬರಲು 2.4 ಸೆಕೆಂಡು ಬೇಕು; 30 ಮಂದಿಯೂ ಬೇರೆಬೇರೆಯಾಗಿ ತರಿಸಿಕೊಂಡರೆ 72 ಸೆಕೆಂಡು. ಒಮ್ಮೆ ತರಿಸಿ, ಶಾಲೆಯದೇ ಒಂದು ಯಂತ್ರದಲ್ಲಿಟ್ಟು ಒಳಜಾಲದಿಂದ ಹಂಚಿದರೆ ಹೊರಜಾಲದ ಮೇಲೆ 2.4 ಸೆಕೆಂಡಿನ ಹೊರೆ ಮಾತ್ರ. ಹೊರಜಾಲ ಕಡಿದ ದಿನವೂ ಪಾಠ ನಿಲ್ಲದು.

ಇಷ್ಟು ಸಣ್ಣ ಯಂತ್ರಗಳಿಗೆ ಬೋಧಿಸುವ ಶಕ್ತಿಯಿದೆಯೇ? 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಮತ್ತು ಸಂಗಡಿಗರು ಪ್ಲೇಟೋ ಎಂಬ ಬೋಧನ ವ್ಯವಸ್ಥೆಯನ್ನು ಇಲಿಯಾಕ್ ಗಣಕದ ಮೇಲೆ ನಡೆಸಿದರು. ಆ ಬೃಹದ್ಯಂತ್ರದ ಮುಖ್ಯ ಸ್ಮೃತಿಯಲ್ಲಿದ್ದುದು 40 ಬಿಟ್‌ಗಳ 1024 ಪದಗಳು, ಎಂದರೆ 5120 ಬೈಟು. 2012ರಲ್ಲಿ ಬಂದ ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕದ ಸ್ಮೃತಿ 256 ಮೆಗಾಬೈಟು. ಇಲಿಯಾಕಿನ ಐವತ್ತು ಸಾವಿರ ಪಟ್ಟಿಗೂ ಮಿಗಿಲು! ಆದುದರಿಂದ ಕೊರತೆ ಸ್ಮೃತಿಯದಲ್ಲ.

ಇನ್ನು ನಿರ್ಣಯಕ್ಕೆ ನೆರವಾಗುವ ವ್ಯವಸ್ಥೆಗಳನ್ನು ನೋಡೋಣ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ರೂಪುಗೊಂಡ ಮೈಸಿನ್ ಸೋಂಕುರೋಗಗಳನ್ನು ಕುರಿತು ‘ಹೀಗಿದ್ದರೆ ಹೀಗೆ’ ಎಂಬ ನೂರಾರು ನಿಯಮಗಳಿಂದ ಸಲಹೆ ಕೊಡುತ್ತಿತ್ತು, ‘ಏಕೆ?’ ಎಂದು ಕೇಳಿದರೆ ಕಾರಣವನ್ನೂ ತಿಳಿಸುತ್ತಿತ್ತು. ಅದೇ ವಿಧಾನದಿಂದ ಹುಟ್ಟಿದ ಪಫ್ ಎಂಬುದು ಶ್ವಾಸಕೋಶದ ಪರೀಕ್ಷೆಗಳಿಗೆ ಮಾತ್ರ ಸೀಮಿತವಾಗಿತ್ತು. ಸುಮಾರು 60 ನಿಯಮಗಳೇ ಸಾಕಾದವು. ಬಳಿಕ ಅದನ್ನು ಬೇಸಿಕ್ ಭಾಷೆಯಲ್ಲಿ ಮತ್ತೆ ಬರೆದು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರ ಸಣ್ಣ ಗಣಕದಲ್ಲಿ ಬಳಸಿದರು. ವರದಿಯನ್ನು ಕೊನೆಗೆ ಪರಿಶೀಲಿಸುತ್ತಿದ್ದವರು ವೈದ್ಯರೇ. ವಿಷಯವನ್ನು ಕಿರಿದುಗೊಳಿಸಿದರೆ ಯಂತ್ರವೂ ಕಿರಿದಾಗಬಹುದೆಂಬುದು ಇದರಿಂದ ವೇದ್ಯ.

ಬಸವಕಲ್ಯಾಣದ ಬೇಸಾಯಗಾರನ ತೊಗರಿಗೆ ಕಾಯಿಕೊರಕ ಬಿದ್ದಿದೆಯೆನ್ನಿ. ಬೆಳೆ ಹೂವಿನಲ್ಲಿದೆಯೇ? ಹುಳುಗಳ ಸಂಖ್ಯೆ ಮಿತಿಮೀರಿದೆಯೇ? ಮಳೆ ಬರುವಂತಿದೆಯೇ? ಮೊದಲೆರಡು ಪ್ರಶ್ನೆಗಳ ನಿಯಮಗಳು ಊರಿನ ಗಣಕದಲ್ಲೇ ಇರಬಹುದು. ಮೂರನೆಯದಕ್ಕೆ ದಿನದಿನವೂ ಹೊರಗಿನ ಸುದ್ದಿ ಬೇಕು. ಪಾಠದ ಪ್ರತಿ ವರ್ಷವಿಡೀ ಬಾಳೀತು. ಹವಾಮಾನದ ಪ್ರತಿ ಒಂದೇ ದಿನದಲ್ಲಿ ಹಳಸುತ್ತದೆ. ಮೊನ್ನೆಯ ಮುನ್ಸೂಚನೆಯನ್ನು ನಂಬಿ ಔಷಧ ಸಿಂಪಡಿಸಿದ ಸಂಜೆಯೇ ಮಳೆ ಸುರಿದರೆ ಔಷಧ ತೊಳೆದುಹೋಗಿ, ಹಣವೂ ಶ್ರಮವೂ ವ್ಯರ್ಥ.

ಆದುದರಿಂದ ಪ್ರತಿಯೊಂದು ಮಾಹಿತಿಗೂ ತಾರೀಖು ಅಂಟಿರಬೇಕು. ಅವಧಿ ಮೀರಿದಾಗ ‘ಹೇಳಲಾರೆ’ ಎನ್ನುವುದನ್ನೂ ಯಂತ್ರಕ್ಕೆ ಕಲಿಸಬೇಕು. ಕೊನೆಯ ನಿರ್ಣಯ ಹೊಲವನ್ನು ಕಣ್ಣಾರೆ ಕಂಡವನದು. ವಿದ್ಯಾರ್ಥಿಗಳು ತಮ್ಮೂರಿನ ಒಂದು ಬೆಳೆಯನ್ನು ಆರಿಸಿಕೊಂಡು ಇಂತಹ ಹತ್ತು ನಿಯಮಗಳನ್ನು ಬರೆದುನೋಡಲಿ. ಯಾವುದು ಊರಿನಲ್ಲಿರಬೇಕು, ಯಾವುದು ಹೊರಗಿನಿಂದ ಬರಬೇಕೆಂಬುದು ತಾನೇ ಸ್ಪಷ್ಟವಾಗುವುದು.