ಬಿ.ಡಿ. ಆದಮೇಲೆ ಎಂ.ಎಸ್.ಡಬ್ಲ್ಯು.

ಮಗಳೇ, ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನಲ್ಲಿ ಬಿ.ಡಿ. ಮುಗಿಸಿ, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು.ಗೂ ಸೇರಬೇಕು ಅಂದೆಯಲ್ಲ, ಖಂಡಿತ ಸೇರು. ದೇವಶಾಸ್ತ್ರ ಓದಿದವಳಿಗೆ ಇದೇಕೆ ಎಂದು ಕೇಳುವವರು ನಮ್ಮ ಕ್ರೈಸ್ತ ಸಭೆಯಲ್ಲೇ ಇದ್ದಾರೆ. ಅವರು ನಮ್ಮ ಚರಿತ್ರೆ ಮರೆತಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬರೀ ಪ್ರಸಂಗ ಮಾಡಿ ಸುಮ್ಮನಿರಲಿಲ್ಲ. ಕ್ರೈಸ್ತರಾದ ಕಾರಣಕ್ಕೆ ಮನೆ, ಕಸುಬು ಎರಡೂ ಕಳೆದುಕೊಂಡವರಿಗೆ ನೇಯ್ಗೆ ಕಲಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಟ್ಟೆಪಾಡಿನ ಚಿಂತೆ ಈ ಸಭೆಗೆ ಹೊಸತಲ್ಲ.

ಅಮೆರಿಕದ ಬೇಲರ್‌ನಂಥ ವಿಶ್ವವಿದ್ಯಾಲಯಗಳಲ್ಲಿ ದೇವಶಾಸ್ತ್ರ, ಸಮಾಜಕಾರ್ಯ ಎರಡನ್ನೂ ಹೊಂದಿಸಿಯೇ ಕಲಿಸುತ್ತಾರೆ. ನೀನು ಒಂದಾದ ಮೇಲೆ ಒಂದು ಓದಬೇಕು. ವರ್ಷ ಹೆಚ್ಚು ಹಿಡಿದರೂ ನಷ್ಟವಿಲ್ಲ.

ಒಂದು ಮಾತು ಮಾತ್ರ ಚೆನ್ನಾಗಿ ಕೇಳು. ಗಂಡ ತೀರಿಹೋದ ಹೆಂಗಸು ಬಂದು ‘ಪ್ರಾರ್ಥನೆ ಮಾಡಿ’ ಅಂದರೆ ಮಾಡು. ಆಮೇಲೆ ಮರಣ ನೋಂದಣಿ ಆಗಿದೆಯಾ ಎಂದು ಕೇಳು. ಸಮಾಧಿ ಮಾಡಿ ನಮ್ಮ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡರೆ ಸರಕಾರದ ಲೆಕ್ಕಕ್ಕೆ ಸಾಲದು. 21 ದಿನದೊಳಗೆ ತಿಳಿಸಿದರೆ ಸುಲಭ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ಸರ್ಟಿಫಿಕೇಟ್ ಇಲ್ಲದೆ ನಾಡಕಚೇರಿಯಲ್ಲಿ ವಿಧವಾ ವೇತನದ ಅರ್ಜಿ ಮುಂದೆ ಹೋಗುವುದಿಲ್ಲ. ಅವಳ ಕಣ್ಣೀರಿನಲ್ಲಿ ಅರ್ಧ ಪಾಲು ಆ ಕಾಗದದ್ದೇ ಇರಬಹುದು.

ಇನ್ನೊಂದು ಇದಕ್ಕಿಂತ ಕಠಿಣ. ಮಗುವಿನ ಮೇಲೆ ಯಾರೋ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಎಂದು ತಾಯಿ ಬಂದು ಅಳುತ್ತಾಳೆ. ಹಿರಿಯರು ‘ಸಭೆಯೊಳಗೇ ಮುಗಿಸೋಣ, ಮಾನ ಹೋಗುತ್ತದೆ’ ಅನ್ನುತ್ತಾರೆ. ಒಪ್ಪಬೇಡ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಸಭಾಪಾಲಕರೂ ಸೇರಿ. ‘ಇದನ್ನು ಯಾರಿಗೂ ಹೇಳುವುದಿಲ್ಲ’ ಎಂದು ತಾಯಿಗೆ ಮೊದಲೇ ಮಾತು ಕೊಟ್ಟುಬಿಡಬೇಡ. ಪೊಲೀಸರಿಗೆ ತಿಳಿಸಿ ಕೈತೊಳೆದುಕೊಳ್ಳಲೂ ಬೇಡ, ಠಾಣೆಗೆ ಅವಳ ಜೊತೆಗೆ ಹೋಗು. ಪ್ರಾರ್ಥನೆ ಆಗಲೂ ಬೇಕು, ದೂರಿನ ಬದಲಿಗಲ್ಲ.

ಎಂ.ಎಸ್.ಡಬ್ಲ್ಯು. ಫೀಲ್ಡ್‌ವರ್ಕಿಗೆ ನಮ್ಮ ಸಭೆಯವರ ಸಂಸ್ಥೆಯನ್ನೇ ಕೇಳಿಕೊಳ್ಳಬೇಡ. ವೆನ್ಲಾಕಿನಂಥ ಸರಕಾರಿ ಆಸ್ಪತ್ರೆ ಸಿಕ್ಕಿದರೆ ಒಳ್ಳೆಯದು. ಅಲ್ಲಿ ನಿನ್ನನ್ನು ಕಂಡು ಯಾರೂ ಎದ್ದು ನಿಲ್ಲುವುದಿಲ್ಲ, ನಿನ್ನ ದೇವರ ಬಗ್ಗೆ ಯಾರೂ ಕೇಳುವುದಿಲ್ಲ. ರೋಗಿಗಳು ತಾವಾಗಿ ಕೇಳದೆ ನೀನೂ ಆ ಮಾತು ಎತ್ತಬೇಡ. ಹಾಸಿಗೆ ಹಿಡಿದವರು ಬೇಡ ಅನ್ನಲಾರದ ಸ್ಥಿತಿಯಲ್ಲಿ ಇರುತ್ತಾರೆ. ಅಂಥವರ ಮುಂದೆ ನಂಬಿಕೆಯ ಮಾತು ತೆಗೆಯುವುದು ನ್ಯಾಯವಲ್ಲ. ಅವರ ಜೀವನದ ತೀರ್ಮಾನ ಅವರದೇ. ಸಂಜೆ ರೆಕಾರ್ಡ್ ಬರೆಯುವಾಗ ಅವರು ಹೇಳಿದ್ದನ್ನು ಬರೆ, ನಿನಗೆ ಅನ್ನಿಸಿದ್ದನ್ನು ಬೇರೆ ಬರೆ.

ನೀನು ಡಿಗ್ರಿ ಮುಗಿಸಿಯೇ ಬಿ.ಡಿ.ಗೆ ಹೋದವಳು, ಸೀಟಿಗೆ ತೊಡಕು ಬರಲಾರದು. ಅರ್ಜಿ ಹಾಕುವ ಮೊದಲು ಬಿಷಪರ ಒಪ್ಪಿಗೆ ಕಾಗದದಲ್ಲಿ ಇಸಕೋ. ಬಾಯಿಮಾತು ನಂಬಿ ಕೂತರೆ ಮಧ್ಯದಲ್ಲಿ ಯಾವುದಾದರೂ ದೂರದ ಸಭೆಗೆ ನೇಮಕವಾಗಿ ಓದು ಅರ್ಧಕ್ಕೆ ನಿಂತೀತು.