ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ

ನಿನ್ನೆ ತಣ್ಣನೆಯ ಮಜ್ಜಿಗೆ ಕುಡಿಯುವಾಗ ಮುಖ ಸಿಂಡರಿಸಿದ್ದನ್ನು ನೋಡಿದೆ, ಪುಟ್ಟಾ. "ಹಲ್ಲು ಜುಮ್ಮಂತು ಅಜ್ಜಿ" ಅಂದವನು ಅಷ್ಟರಲ್ಲೇ ಫೋನ್ ಹಿಡಿದು ಎದ್ದು ಹೋದೆ. ಈಗ ಒಂದು ಗಳಿಗೆ ಕೂತು ಕೇಳು.

ಕೋರೆಹಲ್ಲಿನ ಹಿಂದೆ ಎರಡು ಹಲ್ಲಿವೆಯಲ್ಲ, ಅವುಗಳ ಹೊರಬದಿಯಲ್ಲಿ, ವಸಡಿನ ಅಂಚಿಗೆ ಉಗುರು ಮೆಲ್ಲಗೆ ಎಳೆದು ನೋಡು. ತಡೆಯುತ್ತದಾ? ಮರದ ಬುಡಕ್ಕೆ ಕೊಡಲಿ ಹಾಕಿದ ಹಾಗೆ ಸಣ್ಣ ಕಚ್ಚು ಸಿಕ್ಕರೆ ಅದು ಹುಳುಕಲ್ಲ. ನಲವತ್ತರ ಹೊತ್ತಿಗೆ ನನಗೂ ಹೀಗೇ ಆಗಿತ್ತು. ಬ್ರಷ್ಷನ್ನೇ ಬೈದೆ, ಮೆತ್ತನೆಯದು ತಂದೆ. ಕಚ್ಚು ಆಳವಾಗುತ್ತಲೇ ಹೋಯಿತು. ಕೊನೆಗೆ ಹಲ್ಲಿನ ಡಾಕ್ಟರಮ್ಮ ಕೇಳಿದರು: "ರಾತ್ರಿ ಹಲ್ಲು ಕಡೀತೀರಾ?" ಹೌದು ಎಂದವರು ಪಕ್ಕದಲ್ಲಿದ್ದ ನಿಮ್ಮಜ್ಜ.

ಬೇಲಿಯ ಗೂಟವನ್ನು ಅತ್ತಿತ್ತ ಅಲುಗಾಡಿಸುತ್ತಲೇ ಇರು. ಅಲ್ಲಾಡುವುದು ತುದಿ, ಸೀಳುವುದು ಮಣ್ಣಿನ ಅಂಚಿನಲ್ಲಿ. ಹಲ್ಲನ್ನೂ ಒತ್ತಿ ಒತ್ತಿ ಕಡಿದರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆತವೆಲ್ಲ ಅದರ ಕುತ್ತಿಗೆಗೆ. ಜಗಿಯುವ ತುದಿಯಲ್ಲಿ ಸುಮಾರು 2 ಮಿಲಿಮೀಟರ್ ದಪ್ಪವಿರುವ ಎನಾಮೆಲ್ ಅಲ್ಲಿಗೆ ಬರುವಾಗ ಕತ್ತಿಯ ಬಾಯಷ್ಟು ತೆಳು. ಅಲ್ಲೇ ಚಕ್ಕೆ ಏಳುತ್ತದೆ. ಅಮೆರಿಕದ ಗ್ರಿಪ್ಪೊ ಎಂಬ ದಂತವೈದ್ಯರು 1991ರಲ್ಲಿ ಇದಕ್ಕೆ ಅಬ್‌ಫ್ರ್ಯಾಕ್ಷನ್ ಎಂದು ಹೆಸರಿಟ್ಟರು. ಕಡಿತವೊಂದೇ ಕಾರಣವೇ ಎಂಬ ವಾದ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಒರಟು ಬ್ರಷ್ಷು, ಹುಳಿ ಕೂಡ ಕೈಜೋಡಿಸುತ್ತವೆ. ಅಡ್ಡಡ್ಡ ಉಜ್ಜಬೇಡ, ನಿಂಬೆ ಶರಬತ್ತು ಕುಡಿದ ಕೂಡಲೇ ಬ್ರಷ್ ಹಿಡಿಯಬೇಡ.

ನಿನ್ನ ವಿಷಯಕ್ಕೆ ಬರುತ್ತೇನೆ. ಲ್ಯಾಪ್‌ಟಾಪ್ ಮುಂದೆ ಕೂತಾಗ ನಿನ್ನ ಕಿವಿಯ ಕೆಳಗೆ ದವಡೆ ಗಂಟುಕಟ್ಟಿರುತ್ತದೆ. ಜಾಣ ನೀನು, ಆದರೆ ಇವತ್ತಿನ ಕೆಲಸ ನಿನ್ನೆಯೇ ಮುಗಿಯಬೇಕು ನಿನಗೆ! "ಹಲ್ಲು ಕಚ್ಚಿ ಸಹಿಸು" ಎಂದು ಹೇಳಿಕೊಟ್ಟವಳು ನಾನೇ. ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳುತ್ತೇನೆ. ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನದನ್ನು ಮುಟ್ಟುವ ಕೆಲಸವೇ ಇಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಫೋನ್ ಸದ್ದಾದಾಗಲೆಲ್ಲ ದವಡೆ ಸಡಿಲಿಸು.

ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಕಚ್ಚನ್ನು ತುಂಬಿಸಬಹುದು, ಆದರೆ ಕಡಿಯುವುದು ನಿಲ್ಲದಿದ್ದರೆ ತುಂಬಿಸಿದ್ದೂ ಉದುರೀತು. ನನ್ನದು ಎರಡು ಸಲ ಉದುರಿತು. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಿಕೊಂಡ ಮೇಲೆ ತುಂಬಿಸಿದ್ದು ಇವತ್ತಿಗೂ ನಿಂತಿದೆ. ಬೆಳಗ್ಗೆ ಏಳುವಾಗ ನಿನ್ನ ದವಡೆ ಬಿಗಿದಿರುತ್ತದಾ? ಹಾಗಿದ್ದರೆ ಈ ವಾರವೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಾ.