ಪಟ್ಟಿ ಬೆಳೆದಾಗ ಮೊತ್ತ ತಪ್ಪದಂತೆ ಮ್ಯಾಕ್ರೋ ಬರೆಯುವ ಕ್ರಮ

ರೈತರ ಗುಂಪುಗಳಲ್ಲಿಯೂ ಈಗ ಎಕ್ಸೆಲ್ ಹಾಳೆಯಲ್ಲಿ ಲೆಕ್ಕವಿಡುವ ರೂಢಿ ಬಂದಿದೆ. ಒಂದೇ ಕೆಲಸವನ್ನು ಪ್ರತಿ ಸಲವೂ ಮಾಡಿಸಲು ಬರೆದಿಡುವ ಆಜ್ಞೆಗಳ ಸರಣಿಗೆ ಮ್ಯಾಕ್ರೋ ಎನ್ನುವರು. ಇದರಿಂದ ಶ್ರಮ ಉಳಿಯುತ್ತದೆ. ಆದರೆ ಬರೆದ ದಿನದ ಪಟ್ಟಿಯ ಉದ್ದವನ್ನೇ ಅದರಲ್ಲಿ ಕಟ್ಟಿಹಾಕಿದರೆ ರೈತನ ಹಣಕ್ಕೇ ಸಂಚಕಾರ.

ಮರದ ಗೊಂಬೆಗಳಿಗೆ ಹೆಸರಾದ ಕೊಪ್ಪಳ ತಾಲ್ಲೂಕಿನ ಕಿನ್ನಾಳದಲ್ಲಿ ರೈತರ ಗುಂಪೊಂದು ಶೇಂಗಾ ಕೂಡಿಸಿ ಮಾರುತ್ತದೆ ಎಂದಿಟ್ಟುಕೊಳ್ಳೋಣ. ಹಾಳೆಯ ಮೊದಲ ಸಾಲು ತಲೆಬರಹ. ಮೊದಲ ವಾರ 40 ರೈತರ ತೂಕ 2ರಿಂದ 41ನೆಯ ಸಾಲಿನವರೆಗೆ ಬಂದಿತು. ಅಂದೇ ಮ್ಯಾಕ್ರೋ ರೆಕಾರ್ಡ್ ಮಾಡಿಟ್ಟರು. ಮುಂದಿನ ವಾರ 63 ರೈತರು ಬಂದರು. ಮ್ಯಾಕ್ರೋ 41ಕ್ಕೇ ನಿಂತು, 23 ಜನರ ಮಾಲು ಮೊತ್ತದಿಂದ ಹೊರಗುಳಿಯಿತು. ಯಂತ್ರ ತಪ್ಪೆಂದು ಹೇಳುವುದಿಲ್ಲ. ಮೊತ್ತ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಮೂರನೆಯ ವಾರ ಮೊದಲ ವಾರದ ಪಟ್ಟಿಯ ಮೇಲೆಯೇ 25 ಜನರ ತೂಕ ಬರೆದರೆ, 27ರಿಂದ 41ನೆಯ ಸಾಲಿನವರೆಗಿನ ಹಳೆಯ ತೂಕಗಳೂ ಸೇರಿಬಿಡುತ್ತವೆ. ಹೊಸದನ್ನು ಬರೆಯುವ ಮುನ್ನ ಹಳೆಯದನ್ನು ಅಳಿಸಲೇಬೇಕು.

ಕೊನೆಯ ಸಾಲು ಯಾವುದೆಂದು ಪ್ರತಿ ಸಲವೂ ಮ್ಯಾಕ್ರೋ ತಾನೇ ಹುಡುಕಬೇಕು. ಮೇಲಿನಿಂದ ಕೆಳಗೆ ಹುಡುಕಿದರೆ ಮೊದಲ ಖಾಲಿ ಮನೆಯಲ್ಲಿಯೇ ನಿಲ್ಲುತ್ತದೆ. ಒಬ್ಬರ ತೂಕ ಬರೆಯುವುದು ಮರೆತರೂ ಅವರ ಕೆಳಗಿನವರೆಲ್ಲ ಹೋದರು. ಆದ್ದರಿಂದ ಹಾಳೆಯ ತಳದಿಂದ ಮೇಲಕ್ಕೆ ಬರಬೇಕು. ಕೈಯಿಂದ ಮಾಡುವಾಗ ತಳದ ಮನೆಗೆ ಹೋಗಿ ಕಂಟ್ರೋಲ್ ಗುಂಡಿಯೊಡನೆ ಮೇಲ್ಬಾಣ ಒತ್ತುತ್ತೇವೆ. ಮ್ಯಾಕ್ರೋದಲ್ಲಿ ‘ಎಂಡ್’ ಆಜ್ಞೆಗೆ ‘ಎಕ್ಸ್‌ಎಲ್ ಅಪ್’ ಎಂಬ ದಿಕ್ಕು ಕೊಟ್ಟರೆ ಅದೇ ಕೆಲಸ. ತಳದ ಸಾಲಿನ ಸಂಖ್ಯೆಯನ್ನು ಬಾಯಿಪಾಠದಿಂದ ಬರೆಯಬಾರದು. 2007ರ ಆವೃತ್ತಿಗೆ ಮೊದಲು ಹಾಳೆಗೆ 65,536 ಸಾಲುಗಳಿದ್ದವು, ಆಮೇಲೆ 10,48,576 ಆದವು. ‘ರೋಸ್ ಕೌಂಟ್’ ಮೂಲಕ ಹಾಳೆಯನ್ನೇ ಕೇಳುವುದು ಲೇಸು.

ಯಾವ ಕಂಬದಲ್ಲಿ ಹುಡುಕಬೇಕು? ಎಂದೂ ಖಾಲಿ ಬಿಡದ ಕ್ರಮಸಂಖ್ಯೆಯ ಕಂಬದಲ್ಲಿ. ತೇವಾಂಶದ ಕಂಬ ಬೇಡ, ಅದನ್ನು ಬರೆಯದೆ ಬಿಡುವವರೇ ಹೆಚ್ಚು. ಪಟ್ಟಿಯ ಕೆಳಗೆ ಮೊತ್ತ ಬರೆಯುವ ಹಳೆಯ ಚಾಳಿಯನ್ನೂ ಬಿಡಬೇಕು. ಮುಂದಿನ ಸಲ ಆ ಮೊತ್ತವೂ ಒಂದು ತೂಕವೆಂದು ಕೂಡಿ ಲೆಕ್ಕ ಇಮ್ಮಡಿಯಾದೀತು. ಫಿಲ್ಟರ್ ಹಾಕಿದ್ದರೆ ತೆಗೆಯಿರಿ. ಪಟ್ಟಿಯೇ ಖಾಲಿಯಿದ್ದ ದಿನ ಹುಡುಕಾಟ ತಲೆಬರಹದ 1ನೆಯ ಸಾಲಿಗೆ ಬಂದು ನಿಲ್ಲುತ್ತದೆ; ಉತ್ತರ 2ಕ್ಕಿಂತ ಕಡಿಮೆಯಾದರೆ ಮ್ಯಾಕ್ರೋ ಅಲ್ಲಿಗೇ ನಿಲ್ಲುವಂತೆ ಬರೆಯಬೇಕು.

ಹೊಸದಾಗಿ ಲೆಕ್ಕ ತೆರೆಯುವವರು ಪಟ್ಟಿಯನ್ನು ‘ಟೇಬಲ್’ ಆಗಿ ಮಾಡಿಕೊಳ್ಳುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಕೊನೆಯ ಸಾಲಿನ ಕೆಳಗೆ ಬರೆದಂತೆ ಅದು ತಾನೇ ಬೆಳೆಯುತ್ತದೆ, ಮ್ಯಾಕ್ರೋದಲ್ಲಿ ಕಂಬದ ಹೆಸರು ಹೇಳಿದರಾಯಿತು. ಯಾವ ವಿಧಾನವಾದರೂ, ಎಷ್ಟು ಸಾಲು ಕೂಡಿದೆ ಎಂಬುದನ್ನು ಮೊತ್ತದ ಪಕ್ಕದಲ್ಲಿ ತೋರಿಸುವಂತೆ ಬರೆಯಿರಿ. ತೂಕದ ಚೀಟಿಗಳನ್ನು ಎಣಿಸಿ ಅದರೊಡನೆ ತಾಳೆ ನೋಡಿದ ಮೇಲೆಯೇ ಹಣ ಹಂಚಬೇಕು.